ಮನೆ ಮೊದಲೋ, ಶಾಲೆ ಮೊದಲೋ? ಮಕ್ಕಳ ಜೊತೆ ವಿದೇಶಕ್ಕೆ ಹೊರಟವರಿಗೆ

“ಬೇರೆ ದೇಶದಲ್ಲಿ ಕೆಲಸ ಸಿಕ್ಕಿದೆ, ಇಬ್ಬರು ಮಕ್ಕಳು, ಕೈಯಲ್ಲಿರೋದು ಮೂರು ತಿಂಗಳು. ಎಲ್ಲಿಂದ ಶುರು ಮಾಡ್ಬೇಕು? ಮೊದಲು ಒಳ್ಳೇ ಏರಿಯಾದಲ್ಲಿ ಒಂದು ಮನೆ ಹಿಡಿದುಬಿಡೋದು ವಾಸಿ ಅಲ್ವಾ?”

ಹೆಚ್ಚುಕಡಿಮೆ ಇದೇ ಮಾತಿನಲ್ಲಿ ಈ ಪ್ರಶ್ನೆ ಪದೇ ಪದೇ ಬರುತ್ತದೆ. ನನ್ನ ಉತ್ತರ: ಮೊದಲು ಶಾಲೆ, ಆಮೇಲೆ ಮನೆ. ಎಲ್ಲ ಮಕ್ಕಳಿಗೂ ಸೀಟು ಇದೆ ಎಂದು ಶಾಲೆಯವರು ಬರೆದು ಕೊಡುವವರೆಗೆ ವರ್ಷದ ಬಾಡಿಗೆ ಕರಾರಿಗೆ ಸಹಿ ಹಾಕಬೇಡಿ.

ವಿದೇಶಿ ಉದ್ಯೋಗಿಗಳು ಹೆಚ್ಚಿರುವ ಊರುಗಳಲ್ಲಿ ಬಾಡಿಗೆ ಮನೆ ವರ್ಷವಿಡೀ ಖಾಲಿಯಾಗುತ್ತಲೇ ಇರುತ್ತದೆ. ಒಂದು ನಿರ್ದಿಷ್ಟ ತರಗತಿಯ ಸೀಟು ಹಾಗಲ್ಲ. “ನಮ್ಮಲ್ಲಿ ಜಾಗ ಇದೆ” ಎಂದು ಪ್ರವೇಶ ವಿಭಾಗದವರು ಹೇಳಿದರೆ ಅದು ದೊಡ್ಡ ಮಗುವಿನ ತರಗತಿಯ ಮಾತಾಗಿರಬಹುದು, ಚಿಕ್ಕದು ವೇಟಿಂಗ್ ಲಿಸ್ಟ್‌ನಲ್ಲಿ ಉಳಿಯಬಹುದು. ಅಷ್ಟರಲ್ಲಿ ಮನೆ ಹಿಡಿದುಬಿಟ್ಟಿದ್ದರೆ ಮುಗಿಯಿತು: ಒಬ್ಬರು ಊರಿನ ಈ ತುದಿಯ ಶಾಲೆಗೆ, ಇನ್ನೊಬ್ಬರು ಆ ತುದಿಯ ಶಾಲೆಗೆ, ಕರಾರು ಮುಗಿಯುವವರೆಗೆ ಇದೇ ಪಾಡು. ಆರು ವರ್ಷದ ಮಗುವಿಗೆ ಬಸ್ಸಿನಲ್ಲಿ ಒಂದು ಬದಿಗೆ 45 ನಿಮಿಷ ದಾಟುವ ಪ್ರಯಾಣ ಬೇಡವೇ ಬೇಡ ಎನ್ನುತ್ತೇನೆ. ಆದ್ದರಿಂದ ಮೊದಲ ನಾಲ್ಕರಿಂದ ಆರು ವಾರಕ್ಕೆ ಸರ್ವಿಸ್ ಅಪಾರ್ಟ್‌ಮೆಂಟ್ ಹಿಡಿಯಿರಿ. ಶಾಲೆಯ ಬಸ್ ಯಾವ ಬಡಾವಣೆಗಳಿಗೆ ಹೋಗುತ್ತದೆ ಎಂಬ ಪಟ್ಟಿ ತರಿಸಿಕೊಂಡು ಅದರೊಳಗೆ ಮನೆ ಹುಡುಕಿ.

ಒಂದು ಸಂದರ್ಭದಲ್ಲಿ ಮಾತ್ರ ಈ ಕ್ರಮ ತಿರುಗುಮುರುಗಾಗುತ್ತದೆ. ಅಲ್ಲಿನ ಸರ್ಕಾರಿ ಶಾಲೆಗೆ ಸೇರಿಸುವುದಾದರೆ ಹಲವು ದೇಶಗಳಲ್ಲಿ ಮನೆಯ ವಿಳಾಸವೇ ಶಾಲೆಯನ್ನು ನಿರ್ಧರಿಸುತ್ತದೆ. ಅಮೆರಿಕದಲ್ಲಿ ಮನೆ ಯಾವ ಸ್ಕೂಲ್ ಡಿಸ್ಟ್ರಿಕ್ಟ್‌ನಲ್ಲಿ (ಶಾಲಾ ವಲಯದಲ್ಲಿ) ಇದೆ ಎಂಬುದು ಲೆಕ್ಕಕ್ಕೆ ಬರುತ್ತದೆ, ಇಂಗ್ಲೆಂಡಿನಲ್ಲಿ ಬಹುತೇಕ ಶಾಲೆಗಳು ಮನೆಯಿಂದ ಇರುವ ದೂರವನ್ನು ನೋಡುತ್ತವೆ. ಆಗಲೂ ಶಾಲೆಯ ಎದುರೇ ಮನೆ ಮಾಡಿದರೆ ಸೀಟು ಖಂಡಿತ ಎಂದುಕೊಳ್ಳಬೇಡಿ. ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ಐದರಿಂದ ಏಳು ವರ್ಷದವರ ತರಗತಿಗೆ ಕಾನೂನಿನ ಮಿತಿಯೇ 30 ಮಕ್ಕಳು. ವರ್ಷದ ಮಧ್ಯೆ ಬಂದವರಿಗೆ ತರಗತಿ ತುಂಬಿದ್ದರೆ ಇನ್ನೊಂದು ಶಾಲೆಯನ್ನು ತೋರಿಸುತ್ತಾರೆ. ಮನೆ ನೋಡುವ ಮೊದಲು ಸ್ಥಳೀಯ ಕೌನ್ಸಿಲ್‌ಗೆ ಬರೆದು, ಈ ತರಗತಿಯಲ್ಲಿ ಈಗ ಯಾವ ಶಾಲೆಗಳಲ್ಲಿ ಜಾಗ ಇದೆ ಎಂದು ಕೇಳಿ.

ಶಾಲೆಗೆ ಬರೆಯುವ ಮೊದಲ ಪತ್ರದಲ್ಲಿ ಮಗುವಿನ ಹುಟ್ಟಿದ ದಿನಾಂಕ ಇರಲಿ, “ಮೂರನೇ ಕ್ಲಾಸ್” ಎಂದಷ್ಟೇ ಹೇಳಿದರೆ ಸಾಲದು. ಇಂಗ್ಲೆಂಡಿನ ಪದ್ಧತಿಯಲ್ಲಿ ಆಗಸ್ಟ್ 31 ಗಡಿ. ಆಗಸ್ಟ್ 31ರಂದು ಹುಟ್ಟಿದ ಮಗುವಿಗೂ ಮರುದಿನ ಹುಟ್ಟಿದ ಮಗುವಿಗೂ ಒಂದು ವರ್ಷದ ತರಗತಿ ವ್ಯತ್ಯಾಸ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಶೈಕ್ಷಣಿಕ ವರ್ಷ ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ಶುರು, ಜಪಾನಿನ ಸ್ಥಳೀಯ ಶಾಲೆಗಳಲ್ಲಿ ಏಪ್ರಿಲ್‌ನಲ್ಲಿ, ಯುರೋಪ್ ಮತ್ತು ಅಮೆರಿಕದಲ್ಲಿ ಆಗಸ್ಟ್–ಸೆಪ್ಟೆಂಬರ್‌ನಲ್ಲಿ. ಹೀಗಾಗಿ ಸ್ಥಳಾಂತರವಾದ ಮಗು ಅರ್ಧ ವರ್ಷ ಮುಂದಕ್ಕೋ ಹಿಂದಕ್ಕೋ ಹೋಗುವುದು ಸಾಮಾನ್ಯ. ಹತ್ತು ವರ್ಷದ ಒಳಗಿನವರಾದರೆ ಕೆಳಗಿನ ತರಗತಿಯನ್ನೇ ಕೇಳಿ ಪಡೆಯಿರಿ. ಹೊಸ ಭಾಷೆ, ಹೊಸ ಸ್ನೇಹಿತರ ನಡುವೆ ವಯಸ್ಸಿನಲ್ಲೂ ಎಲ್ಲರಿಗಿಂತ ಚಿಕ್ಕವರಾಗಿರುವುದು ಮಕ್ಕಳಿಗೆ ಭಾರ.

ಹದಿನಾಲ್ಕು ದಾಟಿದವರ ವಿಷಯ ಬೇರೆ, ಇಲ್ಲಿ ನಿಜಕ್ಕೂ ಎಚ್ಚರ ಬೇಕು. ಐಜಿಸಿಎಸ್‌ಇ (ಬ್ರಿಟಿಷ್ ಮಾದರಿಯ, ಹತ್ತನೇ ತರಗತಿ ಮಟ್ಟದ ಅಂತರರಾಷ್ಟ್ರೀಯ ಪರೀಕ್ಷೆ) ಸಾಮಾನ್ಯವಾಗಿ ಎರಡು ವರ್ಷದ ಕೋರ್ಸ್, ಐಬಿ ಡಿಪ್ಲೊಮಾ (ಪಿಯುಸಿ ಮಟ್ಟದ ಅಂತರರಾಷ್ಟ್ರೀಯ ಕೋರ್ಸ್) ಕೂಡ ಎರಡು ವರ್ಷದ್ದು. ಎರಡನೇ ವರ್ಷದಲ್ಲಿ ಶಾಲೆ ಬದಲಿಸಿದರೆ ಅದೇ ವಿಷಯ ಇದ್ದರೂ ಪರೀಕ್ಷಾ ಮಂಡಳಿ ಬೇರೆ, ಓದಿದ ಅಧ್ಯಾಯಗಳು ಬೇರೆ, ಅರ್ಧ ಮಾಡಿಟ್ಟ ಪ್ರಾಜೆಕ್ಟ್ ಅಲ್ಲಿ ನಡೆಯುವುದಿಲ್ಲ. ಐಬಿಯಿಂದ ಐಬಿಗೇ ಹೋದರೂ ಮಗು ತೆಗೆದುಕೊಂಡ ಆರು ವಿಷಯಗಳೂ ಅದೇ ಹಂತದಲ್ಲಿ ಹೊಸ ಶಾಲೆಯಲ್ಲಿ ಸಿಗುತ್ತವೆ ಎಂಬ ಭರವಸೆ ಇಲ್ಲ. ಅಂಥ ಮಗು ಇದ್ದರೆ ಒಬ್ಬರು ಮುಂಚೆ ಹೋಗಿ, ಉಳಿದವರು ಪರೀಕ್ಷೆ ಮುಗಿಸಿಕೊಂಡು ಹೋಗುವುದೇ ಸರಿ. ಕುಟುಂಬ ಎಂಟು ಹತ್ತು ತಿಂಗಳು ಬೇರೆ ಇರುವುದು ಕಷ್ಟವೇ, ಆದರೆ ಮಗುವಿನ ಎರಡು ವರ್ಷದ ಓದು ಹಾಳಾಗುವುದು ಅದಕ್ಕಿಂತ ದೊಡ್ಡ ನಷ್ಟ.

“ಮಕ್ಕಳ ಫೀಸು ಕಂಪನಿ ಕೊಡುತ್ತೆ” ಎಂಬ ಮಾತನ್ನು ಬಿಡಿಸಿ ಕೇಳಿ. ಅಂತರರಾಷ್ಟ್ರೀಯ ಶಾಲೆಯ ಬಿಲ್ಲಿನಲ್ಲಿ ಬೋಧನಾ ಶುಲ್ಕ ಒಂದು ಸಾಲು ಮಾತ್ರ. ಅರ್ಜಿ ಶುಲ್ಕ, ಸೇರ್ಪಡೆ ಶುಲ್ಕ, ಕಟ್ಟಡ ನಿಧಿಯ ಹೆಸರಿನ ಕ್ಯಾಪಿಟಲ್ ಲೆವಿ, ಹಾಂಗ್‌ಕಾಂಗ್‌ನಂಥ ಕಡೆ ಡಿಬೆಂಚರ್ (ಶಾಲೆಗೆ ಹಣ ಕೊಟ್ಟು ಕೊಳ್ಳುವ ಸಾಲಪತ್ರ), ಬಸ್, ಊಟ, ಪರೀಕ್ಷಾ ಶುಲ್ಕ, ಇಂಗ್ಲಿಷ್ ಕಲಿಯಲು ಹೆಚ್ಚುವರಿ ನೆರವಿನ ಶುಲ್ಕ, ಇವೆಲ್ಲ ಬೇರೆ ಬೇರೆ ಸಾಲುಗಳು. ಯಾವುದು ಕಂಪನಿಯದು, ಯಾವುದು ನಿಮ್ಮದು ಎಂದು ಆಫರ್ ಲೆಟರ್‌ನಲ್ಲೇ ಬರೆಸಿಕೊಳ್ಳಿ. ಇನ್ನೊಂದು ಬಹಳ ಮಂದಿ ಮರೆಯುವ ವಿಷಯ: ಹಲವು ದೇಶಗಳಲ್ಲಿ ಕಂಪನಿ ಕಟ್ಟುವ ಶಾಲಾ ಶುಲ್ಕ ನಿಮ್ಮ ಆದಾಯ ಎಂದೇ ಲೆಕ್ಕ, ಅದಕ್ಕೆ ತೆರಿಗೆ ಬೀಳುತ್ತದೆ. ಆ ತೆರಿಗೆಯನ್ನೂ ಕಂಪನಿಯೇ ಭರಿಸುತ್ತದೆಯೇ? ಸಹಿ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆ ಅದು.

ಈಗ ಕಾಗದಪತ್ರ. ಮಗುವಿನ ಜನನ ಪ್ರಮಾಣಪತ್ರ, ತಂದೆತಾಯಿಯ ಮದುವೆ ಪ್ರಮಾಣಪತ್ರ, ಹಿಂದಿನ ಎರಡು ಮೂರು ವರ್ಷದ ಅಂಕಪಟ್ಟಿ, ವರ್ಗಾವಣೆ ಪತ್ರ. ಇವುಗಳಲ್ಲಿ ವೀಸಾ ಮತ್ತು ನಿವಾಸ ಪರವಾನಗಿಗೆ ಬೇಕಾದವಕ್ಕೆ ಅಪೋಸ್ಟೀಲ್ ಮುದ್ರೆ, ಅಂದರೆ ಕಾಗದ ಅಸಲಿ ಎಂದು ಹೊರದೇಶಕ್ಕಾಗಿ ದೃಢಪಡಿಸುವ ಸರ್ಕಾರಿ ಮುದ್ರೆ, ಹಾಕಿಸಬೇಕಾಗುತ್ತದೆ. 1961ರ ಹೇಗ್ ಒಪ್ಪಂದದ ಪ್ರಕಾರ ಸದಸ್ಯ ದೇಶಗಳ ನಡುವೆ ಸಾಮಾನ್ಯವಾಗಿ ಈ ಒಂದು ಮುದ್ರೆ ಸಾಕು. ಸದಸ್ಯರಲ್ಲದ ದೇಶವಾದರೆ ರಾಯಭಾರ ಕಚೇರಿಯ ದೃಢೀಕರಣವೂ ಬೇಕು. ಹಳೆಯ ಸಲಹೆಗಳನ್ನು ಇಲ್ಲಿ ನಂಬಬೇಡಿ: ಸೌದಿ ಅರೇಬಿಯಾ 2022ರಲ್ಲಿ, ಚೀನಾ 2023ರಲ್ಲಿ, ಕೆನಡಾ 2024ರಲ್ಲಿ ಈ ವ್ಯವಸ್ಥೆಯೊಳಗೆ ಬಂದಿವೆ. ಮೊದಲು ಅಪೋಸ್ಟೀಲ್, ಆಮೇಲೆ ಅನುವಾದ ಎಂಬ ಕ್ರಮ ಬಹುತೇಕ ಕಡೆ ಸರಿಹೋಗುತ್ತದೆ, ಯಾಕೆಂದರೆ ಮುದ್ರೆಯಲ್ಲಿರುವ ಬರಹವನ್ನೂ ಅನುವಾದಿಸಿ ಕೊಡಿ ಎನ್ನುವ ಕಚೇರಿಗಳಿವೆ. ಅನುವಾದವನ್ನು ಹೋಗುವ ದೇಶ ಒಪ್ಪುವ ಪ್ರಮಾಣಿತ ಅನುವಾದಕರಿಂದಲೇ ಮಾಡಿಸಿ.

ಲ್ಯಾಮಿನೇಟ್ ಮಾಡಿಟ್ಟ ಪ್ರಮಾಣಪತ್ರಕ್ಕೆ ಮುದ್ರೆ ಒತ್ತಲಾಗುವುದಿಲ್ಲ, ಹೊಸ ಪ್ರತಿ ತರಿಸಬೇಕು. ತಾಯಿಯ ಹೆಸರು ಜನನ ಪತ್ರದಲ್ಲಿ ಒಂದು ಕಾಗುಣಿತ, ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು ಇದ್ದರೆ ಕಡತ ಅಲ್ಲೇ ನಿಲ್ಲುತ್ತದೆ. ಇದನ್ನು ತಿದ್ದಿಸಲು ವಾರಗಟ್ಟಲೆ ಹಿಡಿಯುವುದರಿಂದ, ಕೆಲಸ ಖಚಿತವಾದ ದಿನವೇ ಎಲ್ಲ ಕಾಗದಗಳನ್ನು ಮೇಜಿನ ಮೇಲೆ ಹರಡಿ ಅಕ್ಷರ ಅಕ್ಷರ ಹೋಲಿಸಿ ನೋಡಿ. ಮಕ್ಕಳ ಪಾಸ್‌ಪೋರ್ಟ್ ಹಲವು ದೇಶಗಳಲ್ಲಿ 5 ವರ್ಷಕ್ಕಷ್ಟೇ ಸಿಗುತ್ತದೆ. ಅವಧಿ ಆರು ತಿಂಗಳಿಗಿಂತ ಕಡಿಮೆ ಉಳಿದಿದ್ದರೆ ವೀಸಾಕ್ಕೂ ವಿಮಾನಕ್ಕೂ ತೊಂದರೆ. ತಂದೆತಾಯಿಯಲ್ಲಿ ಒಬ್ಬರೇ ಮಕ್ಕಳನ್ನು ಕರೆದೊಯ್ಯುವುದಾದರೆ ಇನ್ನೊಬ್ಬರ ನೋಟರಿ ಮಾಡಿಸಿದ ಒಪ್ಪಿಗೆ ಪತ್ರ ಕೈಚೀಲದಲ್ಲೇ ಇರಲಿ. ಮಕ್ಕಳ ಅಪಹರಣ ತಡೆಯ 1980ರ ಹೇಗ್ ಒಪ್ಪಂದ ಬಂದಮೇಲೆ ಗಡಿಯಲ್ಲಿ ಇದನ್ನು ಕೇಳುವುದು ಹೆಚ್ಚಾಗಿದೆ.

ಲಸಿಕೆಯ ಕಾರ್ಡಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. “ಎಲ್ಲಾ ಹಾಕಿಸಿದೀವಿ” ಎನ್ನುವವರೇ ಇಲ್ಲಿ ಸಿಕ್ಕಿಹಾಕಿಕೊಳ್ಳುವುದು. ದಡಾರದ ಮೊದಲ ಡೋಸನ್ನು ಹಲವು ದೇಶಗಳಲ್ಲಿ 9 ತಿಂಗಳಿಗೆ ಕೊಡುತ್ತಾರೆ. ಅಮೆರಿಕದ ಶಾಲೆಗಳು ಮೊದಲ ಹುಟ್ಟುಹಬ್ಬಕ್ಕೆ ಮುಂಚಿನ ಆ ಡೋಸನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ವರ್ಷ ತುಂಬಿದ ಮೇಲೆ ಎರಡು ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಲಸಿಕೆ) ಬೇಕು, ಅವುಗಳ ನಡುವೆ ಕನಿಷ್ಠ 28 ದಿನದ ಅಂತರ ಬೇಕು. ಶಾಲೆ ಶುರುವಾಗುವ ವಾರದಲ್ಲಿ ಇದು ಗೊತ್ತಾದರೆ ತಿಂಗಳಿಡೀ ಓಡಾಟ. ಕಾರ್ಡಿನಲ್ಲಿ 03/04 ಎಂದಿದ್ದರೆ ಒಂದು ದೇಶದಲ್ಲಿ ಅದು ಏಪ್ರಿಲ್ 3, ಇನ್ನೊಂದರಲ್ಲಿ ಮಾರ್ಚ್ 4. ತಿಂಗಳನ್ನು ಅಕ್ಷರದಲ್ಲಿ ಬರೆದು, ಲಸಿಕೆಯ ಹೆಸರನ್ನು ಪೂರ್ತಿಯಾಗಿ ನಮೂದಿಸಿ, ಮಕ್ಕಳ ವೈದ್ಯರ ಸಹಿ ಮತ್ತು ಮೊಹರು ಇರುವ ಹೊಸ ಪಟ್ಟಿಯನ್ನೇ ಮಾಡಿಸಿಕೊಳ್ಳಿ.

ಕ್ಷಯ ಪರೀಕ್ಷೆಯದು ಇನ್ನೊಂದು ತೊಡಕು. ಕ್ಷಯದ ಲಸಿಕೆ ಬಿಸಿಜಿ ಹಾಕಿಸಿಕೊಂಡ ಮಗುವಿಗೆ ಚರ್ಮದ ಪರೀಕ್ಷೆ ಮಾಡಿದರೆ ಸೋಂಕು ಇಲ್ಲದಿದ್ದರೂ ಪಾಸಿಟಿವ್ ಬರಬಹುದು. ಐಜಿಆರ್‌ಎ ಎಂಬ ರಕ್ತಪರೀಕ್ಷೆಗೆ ಬಿಸಿಜಿಯಿಂದ ಬಾಧೆಯಿಲ್ಲ, ಅವಕಾಶವಿದ್ದರೆ ಅದನ್ನೇ ಕೇಳಿ. ಎಂಎಂಆರ್ ಕೊಟ್ಟ ಹೊಸತರಲ್ಲಿ ಚರ್ಮದ ಪರೀಕ್ಷೆ ತಪ್ಪು ಫಲಿತಾಂಶ ಕೊಡಬಹುದಾದ್ದರಿಂದ ಎರಡನ್ನೂ ಒಂದೇ ದಿನ ಮಾಡಿಸಬೇಕು, ಇಲ್ಲವೇ ಕನಿಷ್ಠ 4 ವಾರ ಬಿಡಬೇಕು. ಹಳದಿ ಜ್ವರದ ಲಸಿಕೆ ಕಡ್ಡಾಯವಿರುವ ದೇಶವಾದರೆ ಚುಚ್ಚಿಸಿದ 10 ದಿನದ ನಂತರವೇ ಪ್ರಮಾಣಪತ್ರಕ್ಕೆ ಬೆಲೆ. 2016ರಿಂದ ಅದು ಜೀವನಪರ್ಯಂತ ನಡೆಯುತ್ತದೆ.

ದಿನವೂ ಔಷಧ ಬೇಕಿರುವ ಮಗುವಾದರೆ ಆ ದೇಶದಲ್ಲಿ ಅದು ಕಾನೂನುಬದ್ಧವೇ ಎಂದು ಮೊದಲು ನೋಡಿ. ಆಂಫೆಟಮಿನ್ ಎಂಬ ಉತ್ತೇಜಕ ಇರುವ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ಸಮಸ್ಯೆ) ಮಾತ್ರೆಯನ್ನು ಜಪಾನಿಗೆ ವೈದ್ಯರ ಚೀಟಿ ಇದ್ದರೂ ಒಯ್ಯುವಂತಿಲ್ಲ. ಔಷಧ ಬದಲಿಸಬೇಕಾದರೆ ಹೊರಡುವುದಕ್ಕೆ ಕೆಲವು ತಿಂಗಳು ಮುಂಚೆ, ಗೊತ್ತಿರುವ ವೈದ್ಯರ ಕೈಯಲ್ಲೇ ಬದಲಿಸಿ. ಕಲಿಕೆಯಲ್ಲಿ ವಿಶೇಷ ನೆರವು ಬೇಕಾದ ಮಗುವಿನ ವಿಷಯವನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ. ಒಂದು ದೇಶದ ಶಾಲೆ ಕಾನೂನುಪ್ರಕಾರ ಕೊಡುತ್ತಿದ್ದ ನೆರವು ಇನ್ನೊಂದು ದೇಶದ ಖಾಸಗಿ ಶಾಲೆಗೆ ಕಡ್ಡಾಯವಲ್ಲ. ಆಮೇಲೆ ಗೊತ್ತಾದರೆ “ನಮ್ಮಲ್ಲಿ ಆಗುವುದಿಲ್ಲ” ಎಂದು ಕೈಬಿಡುತ್ತಾರೆ, ಆಗ ಮಗು ನಡುನೀರಿನಲ್ಲಿ. ಇತ್ತೀಚಿನ ತಜ್ಞರ ವರದಿ ಕೊಟ್ಟು, ಯಾರು, ವಾರಕ್ಕೆ ಎಷ್ಟು ಗಂಟೆ ನೆರವು ಕೊಡುತ್ತಾರೆ ಎಂಬುದಕ್ಕೆ ಲಿಖಿತ ಉತ್ತರ ಪಡೆಯಿರಿ.

ಸಾಮಾನಿನ ಬಗ್ಗೆ ಎರಡೇ ಮಾತು. ಕಂಟೇನರ್ ಬಂದಿಳಿದಾಗ ನಿಮ್ಮ ನಿವಾಸ ಪರವಾನಗಿ ಇನ್ನೂ ಕೈಗೆ ಸಿಕ್ಕಿರದಿದ್ದರೆ ಹಲವು ದೇಶಗಳಲ್ಲಿ ಸುಂಕ ವಿನಾಯಿತಿ ಸಿಗದೆ ಬಂದರಿನಲ್ಲೇ ಬಾಡಿಗೆ ಏರುತ್ತದೆ, ಹಾಗಾಗಿ ಪರವಾನಗಿಯ ದಿನ ನೋಡಿಕೊಂಡು ಹಡಗಿಗೆ ಹಾಕಿಸಿ. ಕಾರಿನ ಮಕ್ಕಳ ಸೀಟನ್ನು ಅಲ್ಲೇ ಕೊಳ್ಳಿ. ಯುರೋಪಿನಲ್ಲಿ ಆರ್129, ಅಮೆರಿಕದಲ್ಲಿ ಎಫ್‌ಎಂವಿಎಸ್‌ಎಸ್ 213 ಎಂಬ ಬೇರೆ ಬೇರೆ ಮಾನದಂಡಗಳಿವೆ, ಒಂದು ಕಡೆಯದು ಇನ್ನೊಂದು ಕಡೆ ಕಾನೂನಿಗೆ ಒಪ್ಪುವುದಿಲ್ಲ.

ಭಾಷೆಯ ವಿಷಯದಲ್ಲಿ ತಂದೆತಾಯಿ ಬೇಗ ನಿರಾಳರಾಗಿಬಿಡುತ್ತಾರೆ. ಆಟದ ಮೈದಾನದ ಮಾತು ವರ್ಷ ಎರಡು ವರ್ಷದಲ್ಲಿ ಬಂದುಬಿಡುತ್ತದೆ. ಪಾಠ ಓದಿ, ವಾದ ಕಟ್ಟಿ, ಉತ್ತರ ಬರೆಯುವ ಭಾಷೆಗೆ ಐದರಿಂದ ಏಳು ವರ್ಷ ಬೇಕು ಎಂಬುದನ್ನು ಕೆನಡಾದ ಜಿಮ್ ಕಮಿನ್ಸ್ ಅವರ ಅಧ್ಯಯನಗಳು ದಶಕಗಳ ಹಿಂದೆಯೇ ತೋರಿಸಿವೆ. ಮಗು ಸಲೀಸಾಗಿ ಮಾತಾಡುತ್ತಿದೆ ಎಂದು ಭಾಷಾ ನೆರವಿನ ತರಗತಿ ನಿಲ್ಲಿಸಬೇಡಿ. ಮೊದಲ ಕೆಲವು ತಿಂಗಳು ಶಾಲೆಯಲ್ಲಿ ಬಾಯಿಯೇ ಬಿಡದಿದ್ದರೆ ಗಾಬರಿಯಾಗುವುದೂ ಬೇಡ, ಒಳಗೊಳಗೇ ಕೇಳಿಸಿಕೊಳ್ಳುತ್ತಿರುತ್ತದೆ. ಮನೆಯಲ್ಲಿ ಮನೆಮಾತನ್ನೇ ಆಡಿ, ಅದರಲ್ಲೇ ಓದಿಸಿ, ಬರೆಸಿ.

ಕೊನೆಗೆ, ಎಕ್ಸ್‌ಪ್ಯಾಟ್ ಸಮುದಾಯ, ಅಂದರೆ ನಿಮ್ಮಂತೆಯೇ ಕೆಲಸಕ್ಕೆಂದು ಬಂದ ವಿದೇಶಿ ಕುಟುಂಬಗಳು. ಅಲ್ಲಿಗೆ ಹೋದ ಮೊದಲ ವಾರದಲ್ಲೇ ಪರಿಚಯ, ನೆರವು, ಮಕ್ಕಳಿಗೆ ಜೊತೆ ಎಲ್ಲ ಸಿಗುತ್ತದೆ, ಅದು ದೊಡ್ಡ ಆಸರೆ. ಆದರೆ ಅಲ್ಲಿನ ಬಹುತೇಕ ಕುಟುಂಬಗಳು ಎರಡು ಮೂರು ವರ್ಷಕ್ಕೆ ಬಂದವು. ಪ್ರತಿ ಜೂನ್‌ನಲ್ಲೂ ತರಗತಿಯ ಒಂದಷ್ಟು ಮಕ್ಕಳು ಹೊರಟುಹೋಗುತ್ತಾರೆ. ನಿಮ್ಮ ಮಗು ಎಲ್ಲಿಗೂ ಹೋಗದಿದ್ದರೂ ಅದರ ಗೆಳೆಯ ಹೋಗುತ್ತಾನೆ. ಎರಡು ಸಲ ಹೀಗಾದ ಮೇಲೆ ಕೆಲವು ಮಕ್ಕಳು ಹೊಸ ಸ್ನೇಹವನ್ನೇ ಮಾಡಿಕೊಳ್ಳುವುದಿಲ್ಲ. ಇದನ್ನು ಮಕ್ಕಳ ಸ್ವಭಾವ ಎಂದು ತಳ್ಳಿಹಾಕದೆ, ಯಾರು ಯಾವಾಗ ಹೋಗುತ್ತಾರೆ ಎಂದು ಮೊದಲೇ ಹೇಳಿ, ಸರಿಯಾಗಿ ವಿದಾಯ ಹೇಳಿಸಿ. ಈ ಕುಟುಂಬಗಳ ವಸತಿ ಕಾಂಪೌಂಡಿನ ಹೊರಗೆ, ಸ್ಥಳೀಯ ಮಕ್ಕಳೇ ಹೆಚ್ಚಿರುವ ಒಂದು ಈಜು ಕ್ಲಬ್‌ಗೋ ಫುಟ್‌ಬಾಲ್ ತಂಡಕ್ಕೋ ಮೊದಲ ತಿಂಗಳಲ್ಲೇ ಸೇರಿಸಿ. ಆ ಮಕ್ಕಳು ಮುಂದಿನ ವರ್ಷವೂ ಅಲ್ಲೇ ಇರುತ್ತಾರೆ.

ಹೋಗುವ ದಿನವನ್ನೂ ಇದನ್ನೆಲ್ಲ ನೋಡಿಯೇ ಇಟ್ಟುಕೊಳ್ಳಿ. ಆರಾಮವಾಗಿ ಹೊಂದಿಕೊಳ್ಳಲಿ ಎಂದು ರಜೆಯ ಮೊದಲ ವಾರದಲ್ಲೇ ಬಂದಿಳಿಯುವವರು ಬಹಳ. ಜುಲೈ–ಆಗಸ್ಟ್‌ನಲ್ಲಿ ಅಲ್ಲಿನವರೆಲ್ಲ ತಮ್ಮ ತಮ್ಮ ದೇಶಕ್ಕೆ ಹೋಗಿರುತ್ತಾರೆ, ಈಜುಕೊಳ ಖಾಲಿ, ಆಟದ ಜಾಗ ಖಾಲಿ, ಮಕ್ಕಳು ಎರಡು ತಿಂಗಳು ನಾಲ್ಕು ಗೋಡೆಯೊಳಗೆ. ಶಾಲೆ ಶುರುವಾಗುವ ಹತ್ತರಿಂದ ಹದಿನಾಲ್ಕು ದಿನ ಮುಂಚೆ ತಲುಪಿದರೆ ನಿದ್ದೆಯ ಸಮಯ ಸರಿಹೋಗಲು, ಸಮವಸ್ತ್ರ ಕೊಳ್ಳಲು, ಬಸ್ಸಿನ ದಾರಿ ಒಮ್ಮೆ ನೋಡಿ ಬರಲು ಸಾಕು. ಅದಕ್ಕೂ ಮೊದಲು ಅದೇ ತರಗತಿಯ ಒಂದು ಕುಟುಂಬದ ಪರಿಚಯ ಮಾಡಿಕೊಡಿ ಎಂದು ಶಾಲೆಯನ್ನು ಕೇಳಿ, ಮಕ್ಕಳಿಬ್ಬರೂ ವಿಡಿಯೊ ಕರೆಯಲ್ಲಿ ಮಾತಾಡಲಿ. ಜೂನ್‌ನಲ್ಲೇ ಹೋಗದೆ ವಿಧಿಯಿಲ್ಲ ಎಂದಾದರೆ ಆ ಊರಿನ ಬೇಸಿಗೆ ಶಿಬಿರಗಳಿಗೆ ಹೊರಡುವ ಮುಂಚೆಯೇ ಹೆಸರು ಕೊಟ್ಟುಬಿಡಿ, ಅಲ್ಲೂ ಸೀಟು ಬೇಗ ಮುಗಿಯುತ್ತದೆ.