ಬೈನಾಕ್ಯುಲರ್‌ನಲ್ಲೇ ವಿಡಿಯೋ ಬೇಕಾ?

ರೆಕಾರ್ಡ್ ಮಾಡುವ ಡಿಜಿಟಲ್ ಬೈನಾಕ್ಯುಲರ್ ಕೊಳ್ಳಬೇಕು ಅಂತ ಒಂದು ವಾರದಿಂದ ತಲೆಯಲ್ಲಿ ಹುಳ ಬಿಟ್ಟುಕೊಂಡಿದ್ದೆ. ನಿನ್ನೆ ಗೆಳೆಯನದ್ದನ್ನು ಇಸಿದುಕೊಂಡು ನೋಡಿದೆ. ಆಸೆ ಅರ್ಧ ಇಳಿಯಿತು.

ಇದರಲ್ಲಿ ಎರಡು ಜಾತಿ. ಒಂದರಲ್ಲಿ ಮಾಮೂಲಿ ಲೆನ್ಸುಗಳ ನಡುವೆ ಬೇರೆಯದೇ ಪುಟ್ಟ ಕ್ಯಾಮೆರಾ. ಕಣ್ಣಿಗೆ ಕಂಡದ್ದೇ ಒಂದು, ಕಾರ್ಡಿನಲ್ಲಿ ಸಿಕ್ಕಿದ್ದೇ ಇನ್ನೊಂದು! ಎರಡನೆಯದರಲ್ಲಿ ನಾವು ನೋಡುವುದೇ ಒಳಗಿನ ಸ್ಕ್ರೀನನ್ನು. ಸೋನಿ 2011ರಲ್ಲಿ ತಂದ ಡಿಇವಿ-3, ಡಿಇವಿ-5 ಈ ಜಾತಿಯವು. ಇವುಗಳಲ್ಲಿ ಬ್ಯಾಟರಿ ಮುಗಿದರೆ ಕತೆ ಮುಗಿಯಿತು, ಏನೂ ಕಾಣಲ್ಲ.

ದೊಡ್ಡ ತಲೆನೋವು ಕೈ ನಡುಕ. ಹಕ್ಕಿ 8 ಪಟ್ಟು ದೊಡ್ಡದಾದರೆ ನಡುಕವೂ 8 ಪಟ್ಟು. ನೋಡುವಾಗ ಮೆದುಳು ಹೇಗೋ ಸರಿಮಾಡಿಕೊಳ್ಳುತ್ತದೆ, ವಿಡಿಯೋ ಹಾಗೆ ಸರಿಮಾಡಿಕೊಳ್ಳಲ್ಲ. ನನ್ನ ಮಿಂಚುಳ್ಳಿ ಭೂಕಂಪದಲ್ಲಿ ಕೂತ ಹಾಗಿತ್ತು. ಸಂಜೆ ಬೆಳಕಲ್ಲಂತೂ ಸಣ್ಣ ಸೆನ್ಸರ್‌ಗೆ ಸಿಕ್ಕಿದ್ದು ಬರೀ ಕಾಳುಕಾಳು. ಅದೇ ಹೊತ್ತಲ್ಲಿ ನನ್ನ ಹಳೇ ಮಾಮೂಲಿ 8×42 ಬೈನಾಕ್ಯುಲರ್‌ನಲ್ಲಿ (8 ಪಟ್ಟು ದೊಡ್ಡದು ಮಾಡುವ, ಮುಂದಿನ ಲೆನ್ಸು 42 ಮಿ.ಮೀ. ಅಗಲದ್ದು) ಗರಿಯ ನೀಲಿ ಚೆನ್ನಾಗೇ ಕಾಣುತ್ತಿತ್ತು.

ಯಾವ ಹಕ್ಕಿ ಅಂತ ಆಮೇಲೆ ನಿಧಾನವಾಗಿ ಗುರುತಿಸುವವರಿಗೆ, ದಾಖಲೆ ಇಡುವವರಿಗೆ ಉಪಯೋಗವಿದೆ, ಒಪ್ಪುತ್ತೇನೆ. ಸ್ಟ್ಯಾಂಡ್ ಜೊತೆಗಿದ್ದರೆ ಇನ್ನೂ ವಾಸಿ. ನಾನೋ, ಮಿಂಚುಳ್ಳಿ ನೀರಿಗೆ ಧುಮುಕಿದಾಗ ರೆಕಾರ್ಡ್ ಬಟನ್ ಹುಡುಕುತ್ತಿದ್ದೆ. ಸದ್ಯಕ್ಕೆ ಹಳೇದೇ ಇರಲಿ.