ಬ್ರಾಂಕ್ಸ್ ಪಾಲಾದ ಮ್ಯಾನ್‌ಹಟನ್ ತುಂಡು

ಮಾರ್ಬಲ್ ಹಿಲ್ ಅನ್ನೋ ಬಡಾವಣೆ ನೋಡದೇ ಹೋಗಿದ್ದರೆ ನ್ಯೂಯಾರ್ಕ್ ಬಗ್ಗೆ ಬರೆಯುವ ಗೋಜಿಗೇ ಹೋಗುತ್ತಿರಲಿಲ್ಲ. ಟೈಮ್ಸ್ ಸ್ಕ್ವೇರ್ ದೀಪಗಳ ಬಗ್ಗೆ ಎಲ್ಲರೂ ಬರೆದಾಗಿದೆ. ನನಗಂತೂ ಅಲ್ಲಿ ತಲೆನೋವು ಬಂತು.

ನಮ್ಮ ಭಾವ ಇರುವುದು ಅಮೆರಿಕ ಸಂಸತ್ತಿನ ನ್ಯೂಯಾರ್ಕ್ 13ನೇ ಕ್ಷೇತ್ರದಲ್ಲಿ. ಮ್ಯಾನ್‌ಹಟನ್‌ನ ಉತ್ತರ ಭಾಗದ ಹಾರ್ಲೆಮ್, ವಾಷಿಂಗ್ಟನ್ ಹೈಟ್ಸ್, ಇನ್‌ವುಡ್, ಮೇಲೆ ಬ್ರಾಂಕ್ಸ್‌ನ ಒಂದು ಪಾಲು. ಮ್ಯಾನ್‌ಹಟನ್, ಬ್ರಾಂಕ್ಸ್ ಎರಡೂ ನ್ಯೂಯಾರ್ಕ್ ನಗರದ ಬೇರೆ ಬೇರೆ ಆಡಳಿತ ವಿಭಾಗಗಳು. ವಿಸ್ತೀರ್ಣದಲ್ಲಿ ದೇಶದ ಅತಿ ಸಣ್ಣ ಕ್ಷೇತ್ರಗಳಲ್ಲಿ ಇದೂ ಒಂದು. ಜನ ಮಾತ್ರ 7 ಲಕ್ಷಕ್ಕೂ ಜಾಸ್ತಿ. ಇಷ್ಟು ಚಿಕ್ಕದಾದರೆ ನಡೆದೇ ನೋಡಬಹುದಲ್ವಾ ಅಂತ ಹೊರಟೆ.

ಹಾರ್ಲೆಮ್‌ನ 125ನೇ ಬೀದಿಯಲ್ಲಿ ಅಪೊಲೊ ಥಿಯೇಟರ್ ಬಿಟ್ಟರೆ ಎಲ್ಲ ಊರಲ್ಲೂ ಸಿಗುವ ಅವೇ ಬ್ರ್ಯಾಂಡ್ ಅಂಗಡಿಗಳು. ಅಲ್ಲಿ ನನ್ನನ್ನು ನಿಲ್ಲಿಸಿದ್ದು ಆಡಮ್ ಕ್ಲೇಟನ್ ಪೊವೆಲ್ ಪ್ರತಿಮೆ. ಕೋಟು ಗಾಳಿಗೆ ಹಾರುತ್ತಿದೆ, ಮನುಷ್ಯ ದಿಬ್ಬ ಹತ್ತುತ್ತಿದ್ದಾನೆ. ಚರ್ಚಿನ ಪಾದ್ರಿಯಾಗಿದ್ದ ಈತ 1944ರಲ್ಲಿ ಇಲ್ಲಿಂದ ಸಂಸತ್ತಿಗೆ ಗೆದ್ದರು. 1967ರಲ್ಲಿ ಹಣ ದುರುಪಯೋಗದ ಆರೋಪದ ಮೇಲೆ ಸದನ ಅವರನ್ನು ಹೊರಗಿಟ್ಟಿತು. ಖಾಲಿಯಾದ ಸೀಟಿಗೆ ಮತ್ತೆ ಚುನಾವಣೆ ನಡೆಯಿತು. ಹಾರ್ಲೆಮ್ ಪುನಃ ಅವರನ್ನೇ ಆರಿಸಿತು! ಕೊನೆಗೆ 1970ರ ಪಕ್ಷದ ಒಳಚುನಾವಣೆಯಲ್ಲಿ ಚಾರ್ಲ್ಸ್ ರ‍್ಯಾಂಗಲ್ ಕೂದಲೆಳೆಯಲ್ಲಿ ಅವರನ್ನು ಸೋಲಿಸಿ, 2017ರವರೆಗೆ ಕೂತರು. ಕ್ಷೇತ್ರದ ನಂಬರ್ ಎಷ್ಟು ಸಲ ಬದಲಾಯಿತೋ, ಹಾರ್ಲೆಮ್‌ಗೆ ಮಾತ್ರ 72 ವರ್ಷದಲ್ಲಿ ಇಬ್ಬರೇ ಪ್ರತಿನಿಧಿಗಳು. ಈಗಿರುವ ಆಡ್ರಿಯಾನೊ ಎಸ್ಪೈಯಾಟ್ ಡೊಮಿನಿಕನ್ ರಿಪಬ್ಲಿಕ್‌ನಿಂದ ಹುಡುಗನಾಗಿ ಬಂದವರು. ಸ್ವಲ್ಪ ಕಾಲ ಕಾಗದಪತ್ರ ಇಲ್ಲದೆಯೇ ಇದ್ದವರು.

'ಮ್ಯಾನ್‌ಹಟನ್ ಎಲ್ಲಾ ಸಪಾಟು, ಆರಾಮಾಗಿ ನಡೀಬಹುದು' ಅಂದಿದ್ದರು ಭಾವ. ಆ ಮಾತಿಗೆ ನನ್ನ ಮೊಣಕಾಲು ಇನ್ನೂ ಬೈಯುತ್ತಿದೆ. ದ್ವೀಪದ ಅತಿ ಎತ್ತರದ ಜಾಗ ಇರುವುದೇ ವಾಷಿಂಗ್ಟನ್ ಹೈಟ್ಸ್‌ನಲ್ಲಿ, ಬೆನೆಟ್ ಪಾರ್ಕಿನ 265 ಅಡಿಯ ಬಂಡೆ. ಮ್ಯಾಪಿನಲ್ಲಿ ಪಕ್ಕಪಕ್ಕ ಕಾಣುವ ಬೀದಿಗಳ ನಡುವೆ ನೂರಾರು ಮೆಟ್ಟಿಲು. ಹೋಗುವವರು 191ನೇ ಬೀದಿಯ ಸಬ್‌ವೇ ಸ್ಟೇಷನ್ ನೆನಪಿಡಿ. ಬ್ರಾಡ್‌ವೇಯಿಂದ ಸುರಂಗದೊಳಗೆ ನಡೆದು ಹೋದರೆ ಲಿಫ್ಟ್ ಮೇಲಕ್ಕೆ ಒಯ್ಯುತ್ತದೆ, ಟಿಕೆಟ್ ಬೇಡ.

ಇನ್‌ವುಡ್ ದಾಟಿ ಬ್ರಾಡ್‌ವೇ ಸೇತುವೆ ಮೇಲೆ ನಡೆದರೆ ಮಾರ್ಬಲ್ ಹಿಲ್. ಮೊದಲು ಇದು ಮ್ಯಾನ್‌ಹಟನ್ ದ್ವೀಪದ ತುದಿಯೇ ಆಗಿತ್ತು. ಹಡಗು ಸುತ್ತಿ ಹೋಗುವುದು ಕಷ್ಟ ಅಂತ ದಕ್ಷಿಣಕ್ಕೆ ಕಾಲುವೆ ತೋಡಿದರು. 1895ರಲ್ಲಿ ಕಾಲುವೆ ತೆರೆಯಿತು, ಮಾರ್ಬಲ್ ಹಿಲ್ ದ್ವೀಪವಾಯಿತು. ಆಮೇಲೆ ಉತ್ತರದ ಹಳೇ ಹೊಳೆಗೂ ಮಣ್ಣು ತುಂಬಿದರು. ಮಾರ್ಬಲ್ ಹಿಲ್ ಬ್ರಾಂಕ್ಸ್‌ಗೆ ಅಂಟಿಕೊಂಡಿತು. ಜಾಗ ಕದಲಲಿಲ್ಲ, ನೀರು ಆ ಕಡೆಯಿಂದ ಈ ಕಡೆಗೆ ಬಂತು, ಅಷ್ಟೇ. ದಾಖಲೆಯಲ್ಲಿ ಮಾತ್ರ ಇವತ್ತಿಗೂ ಮ್ಯಾನ್‌ಹಟನ್. 1939ರಲ್ಲಿ ಬ್ರಾಂಕ್ಸ್ ವಿಭಾಗದ ಅಧ್ಯಕ್ಷ ಜೇಮ್ಸ್ ಲಯನ್ಸ್ ಬಂದು, ಇದು ನಮ್ಮದು ಅಂತ ಇಲ್ಲಿನ ಬಂಡೆ ಮೇಲೆ ಬ್ರಾಂಕ್ಸ್ ಬಾವುಟ ನೆಟ್ಟರಂತೆ. ಊರವರು ಗೇಲಿ ಮಾಡಿ ಕಳಿಸಿದರು. ವಿವಾದ ಮುಗಿಸಲು 1984ರಲ್ಲಿ ರಾಜ್ಯ ಕಾನೂನೇ ಮಾಡಬೇಕಾಯಿತು.

ರೈಲು ಕಂಬಗಳ ಕೆಳಗೆ ಬೆಂಚಿನಲ್ಲಿ ಒಬ್ಬ ಅಜ್ಜಿ ಕೂತಿದ್ದರು. ಸುಮ್ನೆ ಕೇಳಿದೆ, ಇದು ಯಾವ ಊರಮ್ಮ ಅಂತ.

"ಕೇಳೋದು ಯಾರು ಅನ್ನೋದರ ಮೇಲಿದೆ," ಅಂದರು. "ಪೋಸ್ಟ್ ಬ್ರಾಂಕ್ಸ್‌ನಿಂದ ಬರುತ್ತೆ. ಪೊಲೀಸರೂ ಅಲ್ಲಿಂದಲೇ. ಕೋರ್ಟಿನ ಜ್ಯೂರಿಗೆ ಕರೆ ಬಂದರೆ ಮಾತ್ರ ಮ್ಯಾನ್‌ಹಟನ್ ತುದಿವರೆಗೂ ರೈಲಲ್ಲಿ ಹೋಗಬೇಕು."

"ಕಿರಿಕಿರಿ ಅಲ್ವಾ?"

"ಮನೆ ಮಾಲೀಕನಿಗೆ ನಾನು ಬ್ರಾಂಕ್ಸ್‌ನವಳು. ಬಾಡಿಗೆ ಬ್ರಾಂಕ್ಸ್ ಲೆಕ್ಕದಲ್ಲೇ ಇರಲಿ. ನನ್ನ ತಂಗಿಗೆ ಮಾತ್ರ ಮ್ಯಾನ್‌ಹಟನ್‌ನವಳು."

"ಮತ್ತೆ ವೋಟು?"

"ಸೇತುವೆ ಆ ಕಡೆಯೂ ಎಸ್ಪೈಯಾಟ್, ಈ ಕಡೆಯೂ ಎಸ್ಪೈಯಾಟ್. ಅದೊಂದು ತಲೆಬಿಸಿ ಇಲ್ಲ."

ಹಸಿವಾಗಿದೆ ಅಂದಿದ್ದಕ್ಕೆ ಬ್ರಾಡ್‌ವೇ ಮೇಲಿನ ಡೊಮಿನಿಕನ್ ಹೋಟೆಲೊಂದನ್ನು ಅವರೇ ತೋರಿಸಿದರು. ಅಲ್ಲಿ ಮಂಗು ತಿಂದೆ. ಬೇಯಿಸಿ ಮಸೆದ ಬಾಳೆಕಾಯಿ, ಮೇಲೆ ಈರುಳ್ಳಿ, ಪಕ್ಕದಲ್ಲಿ ಕರಿದ ಚೀಸ್. ಸಲಾಮಿ ಮಾಂಸ ಬೇಡ ಅಂತ ಮೊದಲೇ ಹೇಳಬೇಕು. ಇಲ್ಲದಿದ್ದರೆ ಬಂದೇ ಬರುತ್ತದೆ.