ಸೋಲೆಂಟ್ ಮಳೆಗೆ ಬಟ್ಟೆ ಹೊಂದಿಸುವ ಕೆಲಸ: ಇಲ್ಲಿವರೆಗೆ ಬಂದಿದೆ

ಇಂಗ್ಲೆಂಡಿನ ಸೌತಾಂಪ್ಟನ್ ಮತ್ತು ಐಲ್ ಆಫ್ ವೈಟ್ ದ್ವೀಪದ ನಡುವಿನ ಜಲಸಂಧಿಯಾದ ಸೋಲೆಂಟ್‌ನಲ್ಲಿ ಏಪ್ರಿಲ್ ತಿಂಗಳ ನೀರು 10 ಡಿಗ್ರಿ ಆಸುಪಾಸು ಇರುತ್ತದೆ. ಮೇಲಿಂದ ಮಳೆ, ಪಕ್ಕದಿಂದ ಅಲೆಯ ಎರಚಲು. ಗೆಳೆಯರ ಹಾಯಿದೋಣಿಯಲ್ಲಿ ಹಗ್ಗ ಎಳೆಯುವ ಕೆಲಸ ನನ್ನದು. ಅದಕ್ಕೆ ಒಗ್ಗುವ ಬಟ್ಟೆ ಹೊಂದಿಸುವುದೇ ಈ ಸೀಸನ್ನಿನ ಪ್ರಾಜೆಕ್ಟ್.

ಎಲ್ಲರೂ ಮೊದಲು ದುಬಾರಿ ಜಾಕೆಟ್ ನೋಡುತ್ತಾರೆ. ನಾನು ಮೈಗೆ ತಾಗುವ ಬಟ್ಟೆಯಿಂದ ಶುರು ಮಾಡಿದೆ. ಹಗ್ಗ ಎಳೆದಾಗ ಬೆವರು ಬರುತ್ತದೆ, ಆಮೇಲೆ ಸುಮ್ನೆ ಕೂತಾಗ ಆ ಬೆವರೇ ಚಳಿ ಹಿಡಿಸುತ್ತದೆ. ಹತ್ತಿ ಬನಿಯನ್ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಮೈಗೆ ಅಂಟಿಕೊಂಡು ಶಾಖ ಎಳೆಯುತ್ತದೆ. ತೆಳು ಮೆರಿನೋ ಉಣ್ಣೆ ಹಾಗಲ್ಲ. ತೇವ ಹೀರಿಕೊಂಡರೂ ಬೆಚ್ಚಗೇ ಇರುತ್ತದೆ. ಮಲೆನಾಡಿನಲ್ಲಿ ಕಂಬಳಿ ಕೊಪ್ಪೆ ಹೊದ್ದು ಗದ್ದೆಗೆ ಇಳಿಯುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಅಲ್ವಾ? ಅದರ ಮೇಲೆ ಮೆತ್ತನೆಯ, ಬೆಚ್ಚಗಿನ ಒಂದು ಫ್ಲೀಸ್ ಅಂಗಿ. ಇವೆರಡೂ ಗಟ್ಟಿಯಾದವು, ಇನ್ನು ಬದಲಿಸುವುದಿಲ್ಲ.

ಪ್ಯಾಂಟಿಗೆ ಜಾಸ್ತಿ ಹೊತ್ತು ಕೊಟ್ಟೆ. ದೋಣಿಯಲ್ಲಿ ಕೂರುವ ಜಾಗ ಯಾವಾಗಲೂ ಒದ್ದೆ. ಸೊಂಟದಲ್ಲಿ ಮುಗಿಯುವ ಪ್ಯಾಂಟಾದರೆ ಬಗ್ಗಿದಾಗಲೆಲ್ಲ ಬೆನ್ನಿಗೆ ನೀರು. ಅದಕ್ಕೇ ಎದೆವರೆಗೆ ಬರುವ, ಭುಜಪಟ್ಟಿಯ ಪ್ಯಾಂಟ್ ತೆಗೆದುಕೊಂಡೆ. ಕೂರುವ ಜಾಗಕ್ಕೂ ಮೊಣಕಾಲಿಗೂ ದಪ್ಪ ಬಟ್ಟೆಯ ತೇಪೆ ಇದೆ. ಎಲ್ಲಿಗಾದರೂ ದುಡ್ಡು ಸುರಿಯಬೇಕಿದ್ದರೆ ಇಲ್ಲಿಗೇ ಸುರಿಯಿರಿ ಎನ್ನುತ್ತೇನೆ.

ಜಾಕೆಟನ್ನು ಅಂಗಡಿಯಲ್ಲಿ ಲೈಫ್ ಜಾಕೆಟ್ ಸಮೇತ ಹಾಕಿ ನೋಡಿದೆ. ಲೈಫ್ ಜಾಕೆಟ್ ಎಲ್ಲಕ್ಕಿಂತ ಮೇಲೆ ಬರಬೇಕು, ತೊಡೆ ಸಂದಿಯ ಪಟ್ಟಿ ಬಿಗಿಯಬೇಕು. ಇಲ್ಲದಿದ್ದರೆ ನೀರಿಗೆ ಬಿದ್ದಾಗ ಅದು ತಲೆಯ ಕಡೆಗೆ ಜಾರುತ್ತದೆ. ತಲೆ ತಿರುಗಿಸಿದರೆ ಜಾಕೆಟಿನ ಟೊಪ್ಪಿಗೆಯೂ ಜೊತೆಗೆ ತಿರುಗಬೇಕು, ಹಾಯಿ ನೋಡಲು ಕತ್ತೆತ್ತಿದಾಗ ಕಣ್ಣಿಗೆ ಅಡ್ಡ ಬರಬಾರದು. ಬಣ್ಣ ಎದ್ದು ಕಾಣುವ ಹಳದಿ. ಕಡುನೀಲಿ ಚೆಂದವೇ, ಆದರೆ ಅಲೆಗಳ ನಡುವೆ ಬಿದ್ದವರನ್ನು ಹುಡುಕುವುದು ಕಷ್ಟ.

ಗೋರ್‌ಟೆಕ್ಸ್ ಥರದ, ಜಾಕೆಟ್ ಬಟ್ಟೆಯೊಳಗಿನ ತೆಳು ಪದರ ಬೆವರಿನ ಆವಿಯನ್ನು ಹೊರಗೆ ಬಿಡುತ್ತದೆ, ಮಳೆಹನಿಯನ್ನು ಒಳಗೆ ಬಿಡುವುದಿಲ್ಲ. ಆದರೆ ಹೊರಬಟ್ಟೆಯೇ ನೀರು ಕುಡಿದು ಕೂತರೆ ಆವಿ ಹೋಗುವುದು ನಿಧಾನವಾಗುತ್ತದೆ, ಒಳಗೆ ತೇವ ನಿಲ್ಲುತ್ತದೆ. ಜಾಕೆಟ್ ಸೋರುತ್ತಿದೆ ಎಂದು ಬೈಯುವವರ ಎಷ್ಟೋ ದೂರು ಇಲ್ಲಿಂದಲೇ ಬರುತ್ತದೆ. ಹಾಗಾಗಿ ದೋಣಿಯಿಂದ ಬಂದ ಮೇಲೆ ಸಿಹಿನೀರಿನಲ್ಲಿ ಉಪ್ಪು ತೊಳೆಯುತ್ತೇನೆ. ಹೊರಬಟ್ಟೆಯ ಮೇಲೆ ಹನಿ ಗುಂಡಗೆ ನಿಂತು ಜಾರದಿದ್ದರೆ, ಅದು ಮತ್ತೆ ನೀರು ತಳ್ಳುವಂತಾಗಲಿ ಎಂದು ಲೇಬಲ್ ಒಪ್ಪಿದಷ್ಟು ಶಾಖದಲ್ಲಿ ಡ್ರೈಯರಿಗೆ ಹಾಕುತ್ತೇನೆ.

ಬಾಕಿ ಇರುವುದು ಕೈಗವಸು. ಚರ್ಮದ್ದು ಹಗ್ಗ ಚೆನ್ನಾಗಿ ಹಿಡಿಯುತ್ತದೆ, ಆದರೆ ಒದ್ದೆಯಾದರೆ ಬೆರಳು ಮರಗಟ್ಟುತ್ತದೆ. ಮುಂದಿನ ಸಲ ರಬ್ಬರಿನಂಥ ನಿಯೋಪ್ರೀನ್ ಗವಸು ಹಾಕಿ ನೋಡಬೇಕು. ಅದನ್ನು ಹಾಕಿಕೊಂಡೇ ಬಿಗಿದ ಗಂಟು ಬಿಚ್ಚಲು ಆದರೆ ಅದೇ ಖಾಯಂ.